ಕುಪ್ಪಳಿಯ ತೊಟ್ಟಿಮನೆ

ಕುಂಸಿಯಂತಹ ಊರುಗಳಲ್ಲಿ ಮನೆಗಳು ಬೀದಿ ಹಿಡಿದು ಸಾಲಾಗಿ ನಿಂತಿರುತ್ತವೆ. ಅದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯ ಕಾಡುಗಳ ನಡುವೆ ಹೋದರೆ, ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಮನೆ, ಅದರ ಸುತ್ತ ಗದ್ದೆ ಮತ್ತು ಅಡಕೆಯ ತೋಟ. ಎಷ್ಟೋ ಕಡೆ ಅದೇ ಒಂದು ಊರು. ಕುಪ್ಪಳಿಯ ಮನೆ ಅಂತಹುದು.

ಮೂರಂತಸ್ತಿನ ಈ ತೊಟ್ಟಿಮನೆ ಹಿಂದೆ ಒಂದು ಅವಿಭಕ್ತ ಕುಟುಂಬದ ನೆಲೆಯಾಗಿತ್ತು. ಇಂತಹ ಮನೆಗಳು ವಾಸಕ್ಕೆ ಮಾತ್ರವಲ್ಲದೆ ಭತ್ತದ ದಾಸ್ತಾನಿಗೂ ಅಡಕೆಯ ಕೆಲಸಕ್ಕೂ ಒದಗುತ್ತಿದ್ದವು. ಮಳೆಗಾಲಕ್ಕೆ ಬೇಕಾದ ದವಸ, ಸೌದೆಗಳನ್ನು ಮೊದಲೇ ಕೂಡಿಡಬೇಕಾಗಿತ್ತು. 1904ರಲ್ಲಿ ಜನಿಸಿದ ಕುವೆಂಪು ಬೆಳೆದುದು ಇಲ್ಲಿಯೇ. ಅವರ ‘ಕಾನೂರು ಹೆಗ್ಗಡಿತಿ’ ಕಾದಂಬರಿಯಲ್ಲಿ ಮಲೆನಾಡಿನ ಒಡೆಯರ ಸಂಸಾರದೊಂದಿಗೆ ಆಳುಗಳ ಬವಣೆಯೂ ಚಿತ್ರಿತವಾಗಿದೆ.

ಕಾಲ ಬದಲಾಯಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಉಳುವವನೇ ಹೊಲದೊಡೆಯನಾಗುವ ದಾರಿಯನ್ನು ತೆರೆಯಿತು. ಕುಟುಂಬಗಳು ಪಾಲಾದವು, ಓದಿದ ಮಕ್ಕಳು ಪಟ್ಟಣ ಸೇರಿದರು. ಜನರಿಲ್ಲದ ಮನೆಯಲ್ಲಿ ಹೆಂಚು ಜಾರಿದರೆ ಸರಿಪಡಿಸುವವರಿಲ್ಲ. ಮಳೆನೀರು ಇಳಿದು ತೊಲೆಗಳು ಕೊಳೆಯುತ್ತವೆ.

ಕುಪ್ಪಳಿಯ ಮನೆಗೆ ಆ ಗತಿ ಬರಲಿಲ್ಲ. 1994ರಲ್ಲಿ ನಿಧನರಾದ ಕವಿಯ ಅಂತ್ಯಕ್ರಿಯೆ ಸಮೀಪದ ಕವಿಶೈಲದಲ್ಲಿ ನಡೆಯಿತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಮನೆಯನ್ನು ಜೀರ್ಣೋದ್ಧಾರ ಮಾಡಿಸಿ, ‘ಕವಿಮನೆ’ ಎಂಬ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ಅಲ್ಲಿ ಕವಿಯ ಪುಸ್ತಕಗಳೊಡನೆ ಹಳೆಯ ಪಾತ್ರೆಗಳೂ ಬೇಸಾಯದ ಉಪಕರಣಗಳೂ ಇವೆ. ಅವುಗಳನ್ನು ನೋಡುವಾಗ ಕವಿಯನ್ನು ಮಾತ್ರವಲ್ಲ, ಆ ಉಪಕರಣಗಳನ್ನು ಹಿಡಿದು ದುಡಿದು, ಹೆಸರುಳಿಯದೆ ಹೋದ ಕೈಗಳನ್ನೂ ನಾವು ನೆನೆಯಬೇಕು.