ಮೋಟಾರುಗಾಡಿಯ ಬ್ಯಾಟರಿ: ಬರಿದಾಗುವುದೇಕೆ, ತುಂಬುವುದು ಹೇಗೆ?

ಬಲಿತ ರೇಷ್ಮೆಗೂಡು ಬಹುದಿನ ಕಾಯುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಭೇದಿಸಿ ಹೊರಬಂದರೆ ಆ ಗೂಡು ನೂಲು ಬಿಚ್ಚಾಣಿಕೆಗೆ ಬಾರದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಡಬೇಕಾದ ವ್ಯಾನಾಗಲಿ, ಚಿಂತಾಮಣಿಗೆ ಟೊಮೆಟೊ ಒಯ್ಯಬೇಕಾದ ಗಾಡಿಯಾಗಲಿ ಬೆಳಗಿನ ಜಾವದಲ್ಲಿ 'ಟಕ್' ಎಂದು ಸದ್ದು ಮಾಡಿ ಸುಮ್ಮನಾದರೆ ರೈತನಿಗೆ ಆಗುವ ನಷ್ಟ ಅಲ್ಪವಲ್ಲ. ಬ್ಯಾಟರಿ 'ಡೌನ್' ಆಗಿದೆ ಎಂದು ನಾವು ಹೇಳುತ್ತೇವೆ. ಹಾಗೆಂದರೇನು?

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಸಂಚಾಯಕ ಕೋಶವನ್ನು ನಿರ್ಮಿಸಿದನು. ಇಂದಿನ ಕಾರಿನ ಬ್ಯಾಟರಿಯ ತತ್ತ್ವವೂ ಅದೇ. ಇದರಲ್ಲಿ ಸುಮಾರು 2 ವೋಲ್ಟಿನ ಆರು ಕೋಶಗಳು ಸಾಲಾಗಿ ಜೋಡಿಸಲ್ಪಟ್ಟಿವೆ. ಪ್ರತಿ ಕೋಶದಲ್ಲಿಯೂ ಧನಫಲಕವು ಸೀಸದ ಡೈಆಕ್ಸೈಡಿನದು, ಋಣಫಲಕವು ಶುದ್ಧ ಸೀಸದ್ದು. ಎರಡೂ ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿಯಿಂದ ವಿದ್ಯುತ್ತನ್ನು ಪಡೆದಂತೆಲ್ಲ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲವು ವ್ಯಯವಾಗಿ ನೀರು ಹುಟ್ಟುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಎದುರು ದಿಕ್ಕಿನಲ್ಲಿ ಹಾಯಿಸಿದರೆ ಈ ಕ್ರಿಯೆ ಹಿಮ್ಮುಖವಾಗಿ ನಡೆದು ಫಲಕಗಳೂ ಆಮ್ಲವೂ ಮೊದಲಿನಂತಾಗುತ್ತವೆ. ಇದೇ 'ಚಾರ್ಜು' ಮಾಡುವುದರ ಅರ್ಥ.

ಎಂಜಿನನ್ನು ಚಾಲೂ ಮಾಡುವುದರಿಂದ ಬ್ಯಾಟರಿ ಬರಿದಾಗುವುದೆಂಬ ಭಾವನೆ ಹಲವರಲ್ಲಿದೆ. ಲೆಕ್ಕ ಮಾಡಿ ನೋಡೋಣ. ಚಾಲಕ ಮೋಟಾರು 150 ಆಂಪಿಯರ್ ಪ್ರವಾಹವನ್ನು 3 ಸೆಕೆಂಡು ಸೆಳೆಯಿತೆನ್ನೋಣ. ಒಟ್ಟು 450 ಆಂಪಿಯರ್-ಸೆಕೆಂಡು, ಅಂದರೆ ಒಂದು ಆಂಪಿಯರ್-ಗಂಟೆಯ ಎಂಟನೆಯ ಒಂದು ಪಾಲು ಮಾತ್ರ. 40 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದೇನೂ ಹೊರೆಯಲ್ಲ. ಆದರೆ 55 ವ್ಯಾಟಿನ ಎರಡು ಮುಂದೀಪಗಳನ್ನು ಆರಿಸಲು ಮರೆತರೆ ಪ್ರವಾಹವು 110 ಭಾಗಿಸು 12, ಎಂದರೆ ಸುಮಾರು 9 ಆಂಪಿಯರ್. ನಾಲ್ಕೂವರೆ ಗಂಟೆಯೊಳಗೆ ಅದೇ ಬ್ಯಾಟರಿ ಬರಿದಾಗುತ್ತದೆ!

ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯನ್ನು ವೋಲ್ಟ್‌ಮೀಟರಿನಿಂದ ಅಳೆದಾಗ 12.6 ವೋಲ್ಟಿದ್ದರೆ ಅದು ತುಂಬಿದೆ, 11.8ರ ಸುಮಾರಿಗೆ ಇಳಿದಿದ್ದರೆ ಬರಿದಾಗಿದೆ. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಲ್ಲಿ ಹೈಡ್ರಾಮೀಟರನ್ನೂ ಬಳಸಬಹುದು. ಆಮ್ಲವು ನೀರಿಗಿಂತ ಭಾರವಾದುದರಿಂದ ತುಂಬಿದ ಕೋಶದ ದ್ರವದ ವಿಶಿಷ್ಟ ಗುರುತ್ವವು ಸುಮಾರು 1.26 ಇರುತ್ತದೆ, ಬರಿದಾದಾಗ 1.12ರ ಹತ್ತಿರಕ್ಕೆ ಇಳಿಯುತ್ತದೆ.

ಮನೆಯ ಗೋಡೆಯಲ್ಲಿ ಬರುವುದು 230 ವೋಲ್ಟಿನ ಪರ್ಯಾಯ ಪ್ರವಾಹ. ಇದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ಬ್ಯಾಟರಿಯನ್ನು ತುಂಬಲಾರದು. ನೇರವಾಗಿ ಜೋಡಿಸಿದರೆ ಪ್ರಾಣಾಪಾಯ. ವೋಲ್ಟೇಜನ್ನು ತಗ್ಗಿಸಿ ಪ್ರವಾಹವನ್ನು ಏಕಮುಖವಾಗಿಸುವ ಚಾರ್ಜರು ಬೇಕೇಬೇಕು. ಬಲ್ಬನ್ನು ಸಾಲಿನಲ್ಲಿ ಸೇರಿಸಿ ತಂತಿ ಎಳೆಯುವ ಉಪಾಯಗಳನ್ನು ಎಂದಿಗೂ ಅನುಸರಿಸಬಾರದು.

ಗಾಡಿಯಿಂದ ಬ್ಯಾಟರಿಯನ್ನು ಬಿಚ್ಚುವಾಗ ಮೊದಲು ಋಣಧ್ರುವ, ಅನಂತರ ಧನಧ್ರುವ. ಏಕೆ? ಋಣಧ್ರುವವು ಗಾಡಿಯ ಮೈಗೆ ಸೇರಿದೆ. ಅದು ಹಾಗೆಯೇ ಇರುವಾಗ ಧನಧ್ರುವದ ಮೇಲಿನ ಸ್ಪ್ಯಾನರು ಮೈಗೆ ತಗುಲಿದರೆ ಭಾರಿ ಕಿಡಿ ಹಾರುತ್ತದೆ. ಮರಳಿ ಜೋಡಿಸುವಾಗ ಇದರ ವಿಪರ್ಯಯ ಕ್ರಮ. ಚಾರ್ಜರಿನ ಸ್ವಿಚ್ಚು ಆರಿರುವಾಗಲೇ ಕೆಂಪು ಕ್ಲಿಪ್ಪನ್ನು ಧನಕ್ಕೂ ಕಪ್ಪನ್ನು ಋಣಕ್ಕೂ ಹಾಕಿ, ಬಳಿಕ ಸ್ವಿಚ್ಚನ್ನು ಒತ್ತಬೇಕು. ತೆಗೆಯುವಾಗ ಮೊದಲು ಸ್ವಿಚ್ಚು, ಅನಂತರ ಕ್ಲಿಪ್ಪು.

ಪ್ರವಾಹವು ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದಂಶ ಇದ್ದರೆ ಕ್ಷೇಮ. 40 ಆಂಪಿಯರ್-ಗಂಟೆಯದಕ್ಕೆ 4 ಆಂಪಿಯರ್. ಲೆಕ್ಕಕ್ಕೆ 10 ಗಂಟೆ ಸಾಕು. ಕೊಟ್ಟ ವಿದ್ಯುತ್ತಿನಲ್ಲಿ ಕೊಂಚ ನಷ್ಟವಾಗುವುದರಿಂದ ಸುಮಾರು 12 ಗಂಟೆ ಹಿಡಿಯುತ್ತದೆ. ವೋಲ್ಟೇಜು 14.4ರ ಸಮೀಪಕ್ಕೆ ಬಂದಾಗ ನೀರೇ ವಿಭಜನೆಗೊಂಡು ಜಲಜನಕ, ಆಮ್ಲಜನಕಗಳು ಗುಳ್ಳೆಗಳಾಗಿ ಏಳುತ್ತವೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಜಲಜನಕ ಸೇರಿದರೂ ಒಂದು ಕಿಡಿಯಿಂದ ಅದು ಹೊತ್ತಿಕೊಳ್ಳಬಲ್ಲುದು. ಆದ್ದರಿಂದ ಗಾಳಿಯಾಡುವ ಜಗಲಿಯಲ್ಲಿ ಈ ಕೆಲಸ ನಡೆಯಲಿ. ಬೀಡಿ, ದೀಪ, ಒಲೆಗಳು ಹತ್ತಿರವಿರಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಇರಲಿ. ಆಮ್ಲ ಮೈಗೆ ಸಿಡಿದರೆ ಕೂಡಲೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ಹೀಗೆ ಕಳೆದುಹೋದ ನೀರನ್ನು ತುಂಬಿಸಬೇಕು, ಆಮ್ಲವನ್ನಲ್ಲ. ಫಲಕಗಳು ಬಯಲಾಗಿದ್ದರೆ ಅವು ಮುಳುಗುವಷ್ಟು ನೀರನ್ನು ಮೊದಲೇ ಹಾಕಿ, ಚಾರ್ಜಾದ ಮೇಲೆ ಗುರುತಿನವರೆಗೆ ತುಂಬಬೇಕು. ಆದರೆ ಎಂತಹ ನೀರು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ಜನರು ಬಹುಮಟ್ಟಿಗೆ ಆಳವಾದ ಕೊಳವೆಬಾವಿಗಳನ್ನೇ ನಂಬಿದ್ದಾರೆ. ಬಂಡೆಗಳ ನಡುವೆ ಬಹುಕಾಲ ನಿಂತ ಈ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಕ್ಲೋರೈಡು ಫಲಕಗಳನ್ನು ತಿನ್ನುತ್ತದೆ. ಕಬ್ಬಿಣದ ಅಂಶವು ಬ್ಯಾಟರಿ ತಾನಾಗಿಯೇ ಬರಿದಾಗುವಂತೆ ಮಾಡುತ್ತದೆ. ಕುದಿಸಿ ಆರಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಇಂತಹ ಲವಣಗಳು ದಟ್ಟವಾಗುತ್ತವೆ. ಬಟ್ಟಿ ಇಳಿಸಿದ ನೀರೇ ಆಗಬೇಕು. ಮುಚ್ಚಳವಿಲ್ಲದ ಮೊಹರಾದ ಬ್ಯಾಟರಿಗಳನ್ನು ಮಾತ್ರ ತೆರೆಯಲು ಯತ್ನಿಸಬಾರದು.

ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಲ್ಫೇಟಿನ ನವಿರಾದ ಹರಳುಗಳು ದಪ್ಪನಾಗಿ ಗಟ್ಟಿಗೊಳ್ಳುತ್ತವೆ. ಆಗ ಚಾರ್ಜು ಹಿಡಿಯುವುದು ಕಷ್ಟ. ಆದಕಾರಣ ತಡಮಾಡದೆ ತುಂಬುವುದೇ ಜಾಣತನ. ಪೂರ್ತಿ ಚಾರ್ಜಾದ ಬ್ಯಾಟರಿ, ಯಾವ ದೀಪಕ್ಕೂ ಜೋಡಿಸದಿದ್ದಾಗಲೂ, ಒಂದೆರಡು ದಿನಗಳಲ್ಲಿ ಮತ್ತೆ ಬರಿದಾದರೆ ಅದರ ಆಯುಸ್ಸು ಮುಗಿದಿದೆಯೆಂದು ತಿಳಿಯಬೇಕು. ಅಂತಹುದನ್ನು ಮನೆಯಲ್ಲಿ ಒಡೆದು ಸೀಸವನ್ನು ಕರಗಿಸುವುದು ಸಲ್ಲದು. ಸೀಸವು ವಿಷ, ಅದರ ಹೊಗೆಯೂ ಧೂಳೂ ವಿಶೇಷವಾಗಿ ಮಕ್ಕಳ ಮಿದುಳಿಗೆ ಹಾನಿ ತರುತ್ತವೆ. ಹಳೆಯದನ್ನು ಅಂಗಡಿಗೆ ಹಿಂದಿರುಗಿಸಿದರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಇಳಿತವೂ ದೊರೆಯುತ್ತದೆ, ಸೀಸವೂ ಯೋಗ್ಯ ಕಾರ್ಖಾನೆಯನ್ನು ಸೇರಿ ಮತ್ತೊಂದು ಬ್ಯಾಟರಿಯ ಫಲಕವಾಗುತ್ತದೆ.