ಕಂಪನಿ ಬಸ್ಸು ಬಾರದ ದಿನಗಳು

ಹೊಸೂರಿನಲ್ಲಿ ಗಡಿಯಾರ ನೋಡದೆಯೇ ಹೊತ್ತು ಹೇಳಬಹುದು. ಸಿಪ್ಕಾಟ್ ಕಡೆಗೆ ಬಸ್ಸುಗಳು ಸಾಲುಗಟ್ಟಿದರೆ ಯಾವ ಶಿಫ್ಟು ಎಂದು ಬೀದಿಯ ಮಕ್ಕಳಿಗೂ ಗೊತ್ತು. 1980ರ ದಶಕದಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದಾಗಿನಿಂದ ಇಲ್ಲಿನ ಊಟ, ನಿದ್ದೆ, ಮದುವೆಗೆ ಹೋಗುವುದು ಎಲ್ಲವೂ ಶಿಫ್ಟಿನ ಪ್ರಕಾರವೇ. ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವರ ಪಾಡೂ ಬೇರೆಯಲ್ಲ. ನಿವೃತ್ತಿಯೋ, ವಿಆರ್‌ಎಸ್ಸೋ, ಸ್ವಂತ ಉದ್ಯೋಗದ ಆಸೆಯೋ, ಕೆಲಸ ಬಿಡುವವರು ದುಡ್ಡಿನ ಲೆಕ್ಕ ಮೊದಲೇ ಹಾಕಿರುತ್ತಾರೆ. ಹೊತ್ತಿನ ಲೆಕ್ಕ ಹಾಕಿರುವುದಿಲ್ಲ. ಅವರಿಗಾಗಿ ಈ ಕೆಲವು ಹಂತಗಳು.

ಮೊದಲು ನಿದ್ದೆ, ಜೊತೆಗೆ ಕಾಗದಪತ್ರ

ಮೊದಲ ಒಂದೆರಡು ವಾರ ಯಾವ ವೇಳಾಪಟ್ಟಿಯೂ ಬೇಡ. ವರ್ಷಗಟ್ಟಲೆ ನೈಟ್ ಶಿಫ್ಟ್ ಮಾಡಿದವರಿಗೆ ನಿದ್ದೆ ದಾರಿಗೆ ಬರಲು ಇನ್ನೂ ಹೆಚ್ಚು ದಿನ ಬೇಕಾದೀತು. ಈ ಅವಧಿಯಲ್ಲಿ ಯಾರಿಗೂ ಮಾತು ಕೊಡಬೇಡಿ. ಸೆಟ್ಲ್‌ಮೆಂಟ್ ಹಣ ಬಂದ ಸುದ್ದಿ ನಿಮಗಿಂತ ಮೊದಲು ಬಾಗಲೂರು ರಸ್ತೆಯ ಸೈಟ್ ಬ್ರೋಕರ್‌ಗೆ ತಿಳಿದಿರುತ್ತದೆ! ಕಾಗದಪತ್ರದ ಕೆಲಸವನ್ನು ಮಾತ್ರ ವಾರದ ಒಂದೇ ದಿನಕ್ಕೆ ಕಟ್ಟಿಹಾಕಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ, ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಇಪಿಎಸ್ ಪಿಂಚಣಿ ಪೂರ್ತಿಯಾಗಿ ಸಿಗುವುದು 58ಕ್ಕೆ. 50 ದಾಟಿದ ಮೇಲೆ ಬೇಗ ಪಡೆಯಬಹುದು, ಆದರೆ ಮೊತ್ತ ಕಡಿಮೆಯಾಗುತ್ತದೆ.

ದಿನದ ಎರಡು ತುದಿ

ಐದಕ್ಕೆ ಯೋಗ, ಆರಕ್ಕೆ ನಡಿಗೆ, ಏಳಕ್ಕೆ ಓದು ಎಂದು ಗೋಡೆಗೆ ಅಂಟಿಸಿದ ಪಟ್ಟಿ ಎಷ್ಟು ದಿನ ಬಾಳುತ್ತದೆಂದು ನಿಮ್ಮ ಮನೆಯವರನ್ನು ಕೇಳಿ. ಎರಡೇ ಹೊತ್ತು ಗಟ್ಟಿ ಮಾಡಿ: ಏಳುವ ಹೊತ್ತು, ಸಂಜೆ ಮನೆಯಿಂದ ಹೊರಬೀಳುವ ಹೊತ್ತು. ಬೆಳಗಿಗೆ ಉಳವರ್ ಸಂದೈ ಒಳ್ಳೆಯ ನೆಪ. ತಡವಾಗಿ ಹೋದರೆ ಒಳ್ಳೆಯ ಸೊಪ್ಪು ಸಿಗದು. ಸಂಜೆಗೆ ಚಂದ್ರಚೂಡೇಶ್ವರನ ಬೆಟ್ಟದ ಮೆಟ್ಟಿಲುಗಳಿವೆ. ಮಧ್ಯದ ಹೊತ್ತು ಕೊಂಚ ಸಡಿಲವಾಗಿದ್ದರೂ ಅಡ್ಡಿಯಿಲ್ಲ.

ಒಂದೇ ಕೆಲಸ, ಅದಕ್ಕೆ ಕಾಯುವ ಒಬ್ಬರು

ಇದೇ ಮುಖ್ಯವಾದದ್ದು. 1955ರಲ್ಲಿ ಪಾರ್ಕಿನ್ಸನ್ ಎಂಬ ಇತಿಹಾಸಕಾರರು ಲಂಡನ್ನಿನ ‘ದಿ ಇಕಾನಮಿಸ್ಟ್’ ವಾರಪತ್ರಿಕೆಯಲ್ಲಿ ಒಬ್ಬ ಮುದುಕಿಯ ಚಿತ್ರ ಕೊಟ್ಟರು. ಬಿಡುವಿರುವ ಆಕೆಗೆ ಒಂದು ಕಾರ್ಡು ಬರೆದು ಅಂಚೆಗೆ ಹಾಕಲು ಇಡೀ ದಿನ ಬೇಕು. ಕಾರ್ಡು ಹುಡುಕಬೇಕು, ಕನ್ನಡಕ ಹುಡುಕಬೇಕು, ಕೊಡೆ ಒಯ್ಯಬೇಕೋ ಬೇಡವೋ ಎಂದು ಯೋಚಿಸಬೇಕು. ಕರೆಂಟ್ ಬಿಲ್ ಕಟ್ಟುವುದನ್ನೇ ದಿನದ ಕೆಲಸ ಮಾಡಿಕೊಂಡ ನಿವೃತ್ತರು ನಮ್ಮಲ್ಲೂ ಇದ್ದಾರೆ. ಅವರನ್ನು ಸೋಮಾರಿಗಳೆನ್ನಲಾಗದು. ಆ ಕೆಲಸ ಇಂಥ ಹೊತ್ತಿಗೆ ಮುಗಿಯಲಿ ಎಂದು ಯಾರೂ ಕಾಯುತ್ತಿಲ್ಲ, ಅಷ್ಟೆ.

ಇದಕ್ಕೆ ಎದುರಾದ ಉದಾಹರಣೆ ಗಡಿಯಾಚೆ ಹತ್ತಿರದಲ್ಲೇ ಇದೆ. ಮಾಲೂರು ತಾಲ್ಲೂಕಿನ ಮಾಸ್ತಿಯ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ ದೊಡ್ಡ ಹುದ್ದೆಗಳಿಗೆ ಏರಿದರು. ತಮಗಿಂತ ಕಿರಿಯರನ್ನು ಮಂತ್ರಿ ಮಾಡಿದಾಗ, 1943ರಲ್ಲಿ, ರಾಜೀನಾಮೆ ಕೊಟ್ಟರು. ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವ ಹೊತ್ತು 1965ರವರೆಗೆ ನಡೆಸಿದರು. ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂದದ್ದು ಆ ನಡುವೆ, 1956ರಲ್ಲಿ. ಅವರ ಶಿಸ್ತನ್ನು ಹೊಗಳುವವರು ಬಹಳ. ನನಗೆ ಮುಖ್ಯವಾಗಿ ಕಾಣುವುದು ಮಾಸಪತ್ರಿಕೆ ಎಂಬ ಸಂಗತಿ. ಪ್ರತಿ ತಿಂಗಳೂ ಮುದ್ರಣಾಲಯದವನು ಕಾಯುತ್ತಾನೆ, ಓದುಗ ಕಾಯುತ್ತಾನೆ. ಸಂಜೆಯಾದರೆ ಬಸವನಗುಡಿ ಕ್ಲಬ್ಬಿನಲ್ಲಿ ಇಸ್ಪೀಟಿನ ಗೆಳೆಯರೂ ಕಾಯುತ್ತಿದ್ದರು.

ನಾವು ಪತ್ರಿಕೆ ನಡೆಸಬೇಕಿಲ್ಲ. ಮೇಂಟೆನೆನ್ಸ್‌ನಲ್ಲಿದ್ದವರು ಪಕ್ಕದ ಸಣ್ಣ ವರ್ಕ್‌ಶಾಪಿನಲ್ಲಿ ವಾರಕ್ಕೆ ಎರಡು ಬೆಳಗು ಹುಡುಗರಿಗೆ ಕೆಲಸ ಕಲಿಸಬಹುದು. ಲೆಕ್ಕಪತ್ರ ಬಲ್ಲವರು ಸಂಘದ ಪುಸ್ತಕ ಬರೆದುಕೊಡಬಹುದು. ತಮಿಳು ಬೋರ್ಡುಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವವರೂ ಬೇಕಾಗಿದ್ದಾರೆ. ಕೆಲಸ ಯಾವುದಾದರೂ ಸರಿ, ದಿನಾಂಕ ಹೇಳಿ ಒಪ್ಪಿಕೊಳ್ಳಿ.

ಕೂರುವ ಜಾಗ

ಗಮನ ಬೇಡುವ ಕೆಲಸಕ್ಕೆ ಬೆಳಗಿನ ತೊಂಬತ್ತು ನಿಮಿಷ ಸಾಕು. ಹಾಲ್‌ನಲ್ಲಿ ಟಿವಿ ಎದುರು ಅದು ಆಗದು. ಮಹಡಿ ಕೋಣೆ, ಗ್ರಂಥಾಲಯ, ಎಲ್ಲಾದರೂ ಒಂದು ಮೇಜು ಹಿಡಿಯಿರಿ. ಫೋನ್ ಬೇರೆ ಕೋಣೆಯಲ್ಲಿರಲಿ. ಹಳೆಯ ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪನ್ನು ಮಧ್ಯಾಹ್ನ ಊಟದ ನಂತರ ತೆರೆದರೆ ಕಂಪನಿಯೇನೂ ಮುಳುಗದು. ಮೇಜಿನಿಂದ ಏಳುವಾಗ, ನಾಳೆ ಎಲ್ಲಿಂದ ಶುರು ಎಂದು ಒಂದು ಸಾಲು ಬರೆದಿಡಿ.

ಇನ್ನೊಂದು ಮಾತು. ನೀವು ಶಿಫ್ಟಿಗೆ ಹೋಗುತ್ತಿದ್ದಾಗಲೂ ಮನೆ ನಡೆಯುತ್ತಿತ್ತು. ಅಡುಗೆಮನೆಗೆ ಸೂಪರ್‌ವೈಸರ್ ಬೇಕಾಗಿಲ್ಲ. ತರಕಾರಿ, ಗ್ಯಾಸು, ಮೊಮ್ಮಕ್ಕಳ ಶಾಲೆ ಇವುಗಳಲ್ಲಿ ಒಂದನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ, ಉಳಿದವುಗಳಲ್ಲಿ ಬಾಯಿ ಹಾಕಬೇಡಿ.

ಊರಲ್ಲಿ ಜಮೀನಿದ್ದವರಿಗೆ

ಕೆಲಮಂಗಲ, ತಳಿ, ಡೆಂಕಣಿಕೋಟೆ ಕಡೆ ತುಂಡು ಭೂಮಿ ಇದ್ದವರು ‘ಬೇಸಾಯ ನೋಡ್ಕೋತೀನಿ’ ಎನ್ನುತ್ತಾರೆ. ಒಳ್ಳೆಯದೇ. ಆದರೆ ರಾಗಿಗೆ ಬಿತ್ತನೆ, ಕಳೆ, ಕೊಯ್ಲಿನಲ್ಲಿ ಕೈತುಂಬ ಕೆಲಸ, ಮಾವಿಗೆ ಬೇಸಿಗೆಯ ಕೊಯ್ಲಿನಲ್ಲಿ. ನಡುವೆ ಖಾಲಿ ತಿಂಗಳುಗಳಿವೆ. ಅವುಗಳಿಗೆ ಬೇರೆ ಕೆಲಸ ಈಗಲೇ ಗೊತ್ತು ಮಾಡಿಕೊಳ್ಳಿ.

ತಿಂಗಳಾದ ಮೇಲೆ ಮನೆಯವರೊಂದಿಗೆ ಕೂತು ಯಾವುದು ನಿಂತಿತು, ಯಾವುದು ಬಿದ್ದುಹೋಯಿತು ನೋಡಿ. ಬಿದ್ದುದನ್ನು ಬಿಟ್ಟುಬಿಡಿ. ಎರಡು ವಾರ ಮೀರಿ ನಿದ್ದೆ, ಊಟ ಸೇರದೆ ಮನಸ್ಸು ಮಂಕಾಗಿಯೇ ಇದ್ದರೆ ಅದು ವೇಳಾಪಟ್ಟಿಯ ವಿಷಯವಲ್ಲ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.