ಲೇಸರ್ ಆದ್ಮೇಲೆ ಕಣ್ಣಿಗೆ ಎಷ್ಟು ದಿನ ರಜೆ?

ಸೆಮಿಸ್ಟರ್ ರಜೆ ಹತ್ತಿರ ಬಂತು ಅಂದ್ರೆ ನಮ್ಮ ಕ್ಲಾಸಿನ ಕನ್ನಡಕದವರಲ್ಲಿ ಒಬ್ಬರಾದ್ರೂ "ಲೇಸಿಕ್ ಮಾಡಿಸ್ಕೊಂಡು ಬಿಡ್ತೀನಿ" ಅಂತಾರೆ. ಶುಕ್ರವಾರ ಆಪರೇಷನ್, ಸೋಮವಾರ ಲ್ಯಾಬ್ ಅನ್ನೋದು ಲೆಕ್ಕ. ಲೆಕ್ಕ ಅರ್ಧ ಸರಿ. ಲೇಸಿಕ್ ಆದ ಮರುದಿನವೇ ಬಹಳ ಜನರಿಗೆ ಕೊನೇ ಬೆಂಚಿನಿಂದ ಬೋರ್ಡ್ ಕಾಣತ್ತೆ. ಆದರೆ ಕಣ್ಣು ಕಾಣೋದು ಬೇರೆ, ಕಣ್ಣು ವಾಸಿಯಾಗೋದು ಬೇರೆ. ಎರಡರ ಮಧ್ಯೆ ತಿಂಗಳುಗಳೇ ಇವೆ.

ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಲೇಸಿಕ್‌ನಲ್ಲಿ ಅದರ ಮೇಲಿನ 100-120 ಮೈಕ್ರಾನನ್ನು ಮುಚ್ಚಳದ ಹಾಗೆ ಬಿಡಿಸಿ, ಮಡಚಿ, ಒಳಗಿನ ಭಾಗವನ್ನು 193 ನ್ಯಾನೊಮೀಟರ್ ಎಕ್ಸೈಮರ್ ಲೇಸರ್‌ನಿಂದ ಸವೆಸಿ, ಮುಚ್ಚಳವನ್ನು ವಾಪಸ್ ಕೂರಿಸ್ತಾರೆ. ಎಷ್ಟು ಸವೆಸಬೇಕು ಅನ್ನೋದಕ್ಕೆ ಒಂದು ಅಂದಾಜು ಸೂತ್ರ ಇದೆ: ಸವೆಸುವ ಜಾಗದ ವ್ಯಾಸದ ವರ್ಗವನ್ನು ಪವರ್‌ನಿಂದ ಗುಣಿಸಿ 3ರಿಂದ ಭಾಗಿಸಿ. ವ್ಯಾಸ 6 ಮಿಲಿಮೀಟರ್, ಪವರ್ ಮೈನಸ್ 4 ಆದ್ರೆ 48 ಮೈಕ್ರಾನ್. ತಲೆಕೂದಲಿನ ದಪ್ಪದಷ್ಟೂ ಇಲ್ಲ! (ಈ ಲೇಸರ್ ಜೀವಕೋಶವನ್ನು ಸುಡದೆ ಕೆತ್ತಬಲ್ಲದು ಅಂತ 1981ರಲ್ಲಿ ತೋರಿಸಿದ ಐಬಿಎಂ ತಂಡದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಇದ್ದರು. ಪ್ರಯೋಗಕ್ಕೆ ಬಳಸಿದ್ದು ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿ.)

ಮೊದಲ ನಾಲ್ಕೈದು ಗಂಟೆ ಉರಿ, ನೀರು, ಕಣ್ಣಲ್ಲಿ ಮರಳು ಬಿದ್ದ ಹಾಗೆ. ಮನೆಗೆ ಹೋಗಿ ಮಲಗೋದೇ ಒಳ್ಳೇದು, ಒಬ್ಬರು ಜೊತೆಗಿರಬೇಕು. ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಮಚ್ಚೆ ಕಂಡ್ರೆ ಗಾಬರಿ ಬೇಡ, ಯಂತ್ರ ಒತ್ತಿ ಹಿಡಿದಾಗ ಸಣ್ಣ ರಕ್ತನಾಳ ಒಡೆದಿರತ್ತೆ, ಎರಡು ಮೂರು ವಾರದಲ್ಲಿ ಹೋಗತ್ತೆ. ಮುಚ್ಚಳಕ್ಕೆ ಹೊಲಿಗೆ ಹಾಕಿರಲ್ಲ, ತಾನೇ ಅಂಟಿಕೊಳ್ಳಬೇಕು. ಅದಕ್ಕೇ ಕಣ್ಣು ಉಜ್ಜಬೇಡಿ ಅಂತ ಅಷ್ಟು ಸಲ ಹೇಳೋದು, ರಾತ್ರಿ ಪ್ಲಾಸ್ಟಿಕ್ ಕವಚ ಕೊಡೋದು. ಮೊದಲ ವಾರ ಮುಖಕ್ಕೆ ನೀರು ಎರಚೋ ಹಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸ್ಕೋಬೇಕು. ತಲೆಸ್ನಾನ ಮಾಡಲೇಬೇಕು ಅಂದ್ರೆ ತಲೆ ಹಿಂದಕ್ಕೆ ಬಾಗಿಸಿ ಬೇರೆಯವರ ಕೈಲಿ ಮಾಡಿಸ್ಕೊಳ್ಳಿ. ಕಾಡಿಗೆ, ಈಜು, ಹೋಳಿ ಬಣ್ಣ ಎಲ್ಲ ಡಾಕ್ಟರ್ ಹೇಳಿದ ಮೇಲೇ.

ಯಾರೂ ಸರಿಯಾಗಿ ಹೇಳದ ವಿಷಯ ಒಣಗಣ್ಣು. ಮುಚ್ಚಳ ಕತ್ತರಿಸುವಾಗ ಕಾರ್ನಿಯಾದ ಸೂಕ್ಷ್ಮ ನರಗಳೂ ಕತ್ತರಿಸಿ ಹೋಗ್ತವೆ. ಕಣ್ಣು ಒಣಗಿದೆ, ನೀರು ಕಳಿಸು ಅಂತ ಕಣ್ಣೀರಿನ ಗ್ರಂಥಿಗೆ ಸುದ್ದಿ ಮುಟ್ಟಿಸೋದು ಆ ನರಗಳೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೆನ್ಸರ್ ವೈರ್ ಕಟ್ ಆಗಿದೆ, ಫೀಡ್‌ಬ್ಯಾಕ್ ಬರ್ತಿಲ್ಲ. ನರ ಮತ್ತೆ ಬೆಳೆಯೋಕೆ ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಕಣ್ಣೀರಿನ ಪದರ ಒಡೆದಾಗ ಅಕ್ಷರ ಮಂಜಾಗತ್ತೆ, ರೆಪ್ಪೆ ಬಡಿದ್ರೆ ಸರಿಹೋಗತ್ತೆ. ಇದನ್ನು "ಪವರ್ ವಾಪಸ್ ಬಂತು" ಅಂದ್ಕೊಂಡು ಹೆದರೋರು ತುಂಬಾ. ಇದರ ಮೇಲೆ ನಮ್ಮ ಕೋಡಿಂಗ್ ಬೇರೆ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯೋದೇ ಕಡಿಮೆ, ಮೇಲೆ ಫ್ಯಾನ್ ಬೇರೆ ತಿರುಗ್ತಿರತ್ತೆ. ಮಂಚವನ್ನು ಫ್ಯಾನ್ ಕೆಳಗಿಂದ ಸರಿಸಿ, ಕೃತಕ ಕಣ್ಣೀರಿನ ಡ್ರಾಪ್ಸ್ ಜೇಬಲ್ಲಿಡಿ. ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹೇಳಿದಷ್ಟೇ ದಿನ. ಆರಾಮಾಗಿದೆ ಅಂತ ಮೆಡಿಕಲ್ ಶಾಪಲ್ಲಿ ತಾವಾಗೇ ತಗೊಂಡು ಮುಂದುವರಿಸಿದ್ರೆ ಕಣ್ಣಿನ ಒಳಗಿನ ಒತ್ತಡ ಏರಬಹುದು.

ರಾತ್ರಿ ಬೀದಿದೀಪದ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣೋದು, ಎದುರಿನ ಹೆಡ್‌ಲೈಟ್ ಒಡೆದು ಚೆಲ್ಲಿದ ಹಾಗಾಗೋದು ಮೊದಲ ವಾರಗಳಲ್ಲಿ ಸಾಮಾನ್ಯ. ಹಗಲು ಚೆನ್ನಾಗಿ ಕಾಣತ್ತೆ ಅಂತ ರಾತ್ರಿ ಬೈಕ್ ಹತ್ತಬೇಡಿ. ಹಗಲಲ್ಲೂ ಧೂಳಿಗೆ ಕನ್ನಡಕ ಬೇಕೇ ಬೇಕು. ತಮಾಷೆ ಅನ್ಸತ್ತೆ, ಕನ್ನಡಕ ಬಿಡೋಕೆ ಕನ್ನಡಕ!

ಕಾರ್ನಿಯಾ ತೆಳು ಇದ್ದವರಿಗೆ ಪಿಆರ್‌ಕೆ ಹೇಳಬಹುದು. ಅಲ್ಲಿ ಮುಚ್ಚಳ ಇಲ್ಲ, ಮೇಲ್ಚರ್ಮವನ್ನೇ ಕೆರೆದು ತೆಗೀತಾರೆ. ಮೊದಲ ಎರಡು ಮೂರು ದಿನ ನೋವು ಚೆನ್ನಾಗೇ ಇರತ್ತೆ, ಬ್ಯಾಂಡೇಜ್ ಲೆನ್ಸ್ ನಾಲ್ಕೈದು ದಿನ. ಅಕ್ಷರ ಸ್ಪಷ್ಟವಾಗೋಕೆ ವಾರಗಳು, ಪೂರ್ತಿ ನಿಲ್ಲೋಕೆ ತಿಂಗಳುಗಳು. ಇಂಟರ್ನಲ್ಸ್ ಹತ್ತು ದಿನ ಇದ್ದಾಗ ಇದನ್ನ ಮಾಡಿಸ್ಕೊಳ್ಳಲೇಬೇಡಿ.

ನೋವು ಕಡಿಮೆಯಾಗೋ ಬದಲು ಜಾಸ್ತಿಯಾದ್ರೆ, ಕೀವು ಬಂದ್ರೆ, ದೃಷ್ಟಿ ತಟ್ಟನೆ ಇಳಿದ್ರೆ, ಅಥವಾ ಕ್ರಿಕೆಟ್ ಬಾಲ್ ಕಣ್ಣಿಗೆ ಬಡಿದ್ರೆ ಅವತ್ತೇ ಹೋಗಿ. ಬೆಳಿಗ್ಗೆ ನೋಡೋಣ ಅನ್ನೋದು ಬೇಡ.

ಇನ್ನೊಂದು ವಿಷಯ. ಲೇಸರ್ ಬದಲಿಸೋದು ಕಾರ್ನಿಯಾದ ಆಕಾರ ಮಾತ್ರ. ಮೈನಸ್ ಪವರಿಗೆ ಕಾರಣವಾದ ಉದ್ದನೆಯ ಕಣ್ಣುಗುಡ್ಡೆ ಹಾಗೇ ಇರತ್ತೆ, ಹಿಂದಿನ ಎಳೆದ ರೆಟಿನಾನೂ ಹಾಗೇ. ಹೆಚ್ಚು ಪವರ್ ಇದ್ದವರು ಕನ್ನಡಕ ಹೋದ್ಮೇಲೂ ರೆಟಿನಾ ತೋರಿಸ್ತಾ ಇರಬೇಕು. ಆಪರೇಷನ್‌ಗೆ ಮುಂಚೆ ತೆಗೆದ ಕಾರ್ನಿಯಾ ಅಳತೆಗಳ ಫೈಲನ್ನು ಹಾಸ್ಟೆಲ್ ರೂಮಲ್ಲಿ ಇಡಬೇಡಿ. ವಯಸ್ಸಾದ್ಮೇಲೆ ಪೊರೆ ಆಪರೇಷನ್ ಬಂದಾಗ ಲೆನ್ಸ್ ಲೆಕ್ಕಕ್ಕೆ ಆ ಅಂಕಿಗಳು ಬೇಕಾಗಬಹುದು. ಒಂದು ಫೋಟೋ ತೆಗೆದಿಟ್ಕೊಂಡು, ಫೈಲನ್ನು ಅಮ್ಮನ ಬೀರುಗೆ ಸೇರಿಸಿ.